‘ಚಾರ್ಮ್ ಇಲ್ಲ ಕಣ್ರೀ’

ಮಂಗಳವಾರದಿಂದ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿದೆ. “ಕೆಲಸ ಚೆನ್ನಾಗಿ ಗೊತ್ತು. ಆದ್ರೆ ಚಾರ್ಮ್ ಇಲ್ಲ ಕಣ್ರೀ.”

ಇಂಟರ್‌ವ್ಯೂ ಮುಗಿಸಿ ಆ ಹೆಣ್ಣುಮಗಳು ಹೊರಗೆ ಹೋಗಿ ಎರಡು ನಿಮಿಷವೂ ಆಗಿರಲಿಲ್ಲ. ಸದ್ದಾಗದ ಹಾಗೆ ಬಾಗಿಲು ಹಿಡಿದು ಮುಚ್ಚಿಕೊಂಡು ಹೋಗಿದ್ದರು. ಪ್ರತಿ ಪ್ರಶ್ನೆಗೂ ಸ್ವಲ್ಪ ಹೊತ್ತು ಸುಮ್ಮನಿದ್ದು, ಪೆನ್ನಿನ ಮುಚ್ಚಳ ತಿರುಗಿಸುತ್ತಾ ಯೋಚಿಸಿ, ಆಮೇಲೆ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತಿದ್ದರು. ಒಂದು ಪ್ರಶ್ನೆಗೆ “ಇದು ನನಗೆ ಗೊತ್ತಿಲ್ಲ ಸರ್” ಅಂದುಬಿಟ್ಟರು. ನನಗೆ ತುಂಬಾ ಹಿಡಿಸಿದ್ದು ಅದೇ. ಪಕ್ಕದಲ್ಲಿದ್ದ ಹಿರಿಯ ಸಹೋದ್ಯೋಗಿ ಮಾತ್ರ ಫೈಲ್ ಮುಚ್ಚಿ ಈ ಮಾತು ಆಡಿದರು. ಕೆಟ್ಟವರೇನಲ್ಲ ಅವರು, ಆದರೆ ನಗುನಗುತ್ತಾ ಮಾತಾಡುವವರೆಲ್ಲ ಜಾಣರು ಅನ್ನೋ ನಂಬಿಕೆ ಜಾಸ್ತಿ. ನಾನು ‘ಹೂಂ’ ಅಂದೆ. ಆ ‘ಹೂಂ’ ಈಗ ಚುಚ್ಚುತ್ತಿದೆ.

ರಾತ್ರಿ ನಿದ್ದೆ ಬರದೆ ನಿಘಂಟು ತೆಗೆದೆ. ಚಾರ್ಮ್ ಪದದ ಬೇರು ಲ್ಯಾಟಿನ್ನಿನ ‘ಕಾರ್ಮೆನ್’. ಅಂದರೆ ಹಾಡು, ಪದ್ಯ, ಮಂತ್ರ. ಹಳೆಯ ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂದಾಗಲೂ ಅದು ಮಂತ್ರವೇ. ಆಮೇಲೆ ತಾಯತಕ್ಕೂ ಅದೇ ಹೆಸರಾಯಿತು, ಬ್ರೇಸ್‌ಲೆಟ್ಟಿಗೆ ತೂಗುಬಿಡುವ ಪುಟ್ಟ ಪದಕಕ್ಕೂ ಬಂತು. ಮನುಷ್ಯರ ಸೆಳೆತಕ್ಕೆ ಈ ಪದ ಅಂಟಿಕೊಂಡಿದ್ದು ಮಂತ್ರದ ಅರ್ಥ ಬಂದು ಎಷ್ಟೋ ಕಾಲವಾದ ಮೇಲೆ. ನಮ್ಮ ‘ಮೋಡಿ’ಯ ಕಥೆಯೂ ಹೀಗೇ ಅಲ್ವಾ? ಮೋಡಿ ಹಾಕಿದರು ಅಂದರೆ ಮಾಟ, ಮಾತಿನ ಮೋಡಿ ಅಂದರೆ ಹೊಗಳಿಕೆ. ‘ಮರುಳಾದೆ’ ಅಂತ ಮೆಚ್ಚಿ ಹೇಳುತ್ತೇವೆ, ಬುದ್ಧಿ ಕೆಟ್ಟವನಿಗೂ ಮರುಳ ಅನ್ನುತ್ತೇವೆ. ಹಾಗಾದರೆ ಚಾರ್ಮ್ ಇಲ್ಲ ಅಂದಿದ್ದು ಏನು? ನಮ್ಮ ಬುದ್ಧಿಗೆ ಆಕೆ ಮಂಕುಬೂದಿ ಎರಚಲಿಲ್ಲ ಅಂತ ತಾನೇ! ಅದು ಆಕೆಯ ಕೊರತೆ ಹೇಗಾಗುತ್ತದೆ?

ಎಲ್ಲಕ್ಕಿಂತ ಮನಸ್ಸಿಗೆ ನಾಟಿದ್ದು ಭೌತಶಾಸ್ತ್ರದ ಚಾರ್ಮ್. 1964ರಲ್ಲಿ ಶೆಲ್ಡನ್ ಗ್ಲಾಶೋ ಮತ್ತು ಜೇಮ್ಸ್ ಬ್ಯೋರ್ಕೆನ್ ಅನ್ನೋ ವಿಜ್ಞಾನಿಗಳು ಇನ್ನೊಂದು ಕ್ವಾರ್ಕ್ (ಪ್ರೋಟಾನಿನಂಥ ಕಣಗಳ ಒಳಗಿರುವ ಅತಿ ಸಣ್ಣ ಕಣ) ಇರಬೇಕು ಅಂದರು, ಅದಕ್ಕೆ ಚಾರ್ಮ್ ಅಂತ ಹೆಸರಿಟ್ಟರು. ಆಗ ಅದನ್ನು ಯಾರೂ ಕಂಡಿರಲಿಲ್ಲ. ಅದೊಂದು ಬಂದರೆ ಕಣಗಳ ಲೋಕಕ್ಕೆ ಎಂಥ ಚೆಂದದ ಹೊಂದಾಣಿಕೆ ಬರುತ್ತದೆ ಅನ್ನೋದೇ ಅವರಿಗೆ ಖುಷಿ ಕೊಟ್ಟಿತ್ತು. ಹತ್ತು ವರ್ಷ ಕಳೆದು, 1974ರ ನವೆಂಬರಿನಲ್ಲಿ, ಸ್ಯಾಮ್ಯುಯೆಲ್ ಟಿಂಗ್ ಮತ್ತು ಬರ್ಟನ್ ರಿಕ್ಟರ್ ಅವರ ಎರಡು ಬೇರೆ ಬೇರೆ ತಂಡಗಳಿಗೆ ಅದರ ಸುಳಿವು ಒಟ್ಟೊಟ್ಟಿಗೇ ಸಿಕ್ಕಿತು. ಇಬ್ಬರಿಗೂ 1976ರಲ್ಲಿ ನೊಬೆಲ್ ಬಂತು. ಇದನ್ನು ಓದುತ್ತಾ ನನಗೆ ಮತ್ತೆ ಆ ಪೆನ್ನಿನ ಮುಚ್ಚಳವೇ ನೆನಪಾಯಿತು. ನಿಧಾನಕ್ಕೆ ತಿರುಗಿಸಿ, ಟಕ್ ಅಂತ ಕೂರಿಸಿ, ಆಮೇಲೆ ಉತ್ತರ. ಒಂದು ಮಾತೂ ಹೆಚ್ಚಿಲ್ಲ, ಒಂದೂ ಕಡಿಮೆ ಇಲ್ಲ. ಅದಕ್ಕಿಂತ ಸೆಳೆತ ಇನ್ನೇನು ಬೇಕಿತ್ತು ನಮಗೆ?

ಇವತ್ತು ಬೆಳಿಗ್ಗೆ ಸಹೋದ್ಯೋಗಿಯ ಟೇಬಲ್ ಹತ್ತಿರ ಹೋಗಿ ಕೇಳಿದೆ, “ಸರ್, ಚಾರ್ಮ್ ಅಂದ್ರೆ ಏನು?” ಅವರು ಕನ್ನಡಕ ತೆಗೆದು ಒರೆಸಿದರು. “ಅದೇ... ನೋಡಿದ ಕೂಡ್ಲೇ ಇಷ್ಟ ಆಗ್ಬೇಕು.”

“ನನಗೆ ಇಷ್ಟ ಆದ್ರು ಸರ್” ಅಂದೆ. “ಮಂಗಳವಾರವೇ ಹೇಳ್ಬೇಕಿತ್ತು.”

ಅವರು ಏನೂ ಹೇಳಲಿಲ್ಲ. ಮುಚ್ಚಿಟ್ಟಿದ್ದ ಫೈಲ್ ಮಾತ್ರ ಮತ್ತೆ ತೆಗೆದರು.