ಯಾವ ಚೈನ್‌ಸಾ ತಗೊಳ್ಳಲಿ?

ಸಕಲೇಶಪುರ, ಮೂಡಿಗೆರೆ ಸುತ್ತಮುತ್ತ ಮರಗಸಿ, ಅಂದರೆ ಕಾಫಿ ತೋಟದ ನೆರಳು ಮರಗಳ ಕೊಂಬೆ ಕಡಿಯುವ ಕೆಲಸ, ಮಾಡಿಸಿಕೊಂಡು ಓಡಾಡುವ ನನಗೆ ತೋಟದವರು ಸಿಕ್ಕಾಗೆಲ್ಲ ಒಂದೇ ಪ್ರಶ್ನೆ. "ಯಾವ ಚೈನ್‌ಸಾ ಒಳ್ಳೇದು ಮಾರಾಯ? ಸ್ಟಿಲ್ಲೋ, ಹಸ್ಕ್‌ವರ್ನಾನೋ?" ಮದುವೆ ಊಟಕ್ಕೆ ಕೂತಾಗಲೂ ಕೇಳಿದವರಿದ್ದಾರೆ. ನಾನು ತಿರುಗಿ ಕೇಳುವುದು ಇಷ್ಟೇ: ಮಷೀನು ಮರದ ಮೇಲೆ ಹೋಗುತ್ತದೋ, ಕೆಳಗೇ ಇರುತ್ತದೋ?

ಕೆಳಗೇ ಇರುತ್ತದೆ ಅನ್ನುವುದಾದರೆ ತಲೆ ಕೆಡಿಸಿಕೊಳ್ಳಬೇಡಿ. ಬಿದ್ದ ಕೊಂಬೆ ತುಂಡು ಮಾಡಲು, ಸೌದೆ ಕೊಯ್ಯಲು 30ರಿಂದ 35 ಸಿಸಿಯ ಮಷೀನು, 14 ಅಥವಾ 16 ಇಂಚಿನ ಬಾರ್ (ಚೈನು ಸುತ್ತ ಓಡುವ ಪಟ್ಟಿ) ಸಾಕು. ನಿಮ್ಮೂರಿಗೆ ಹತ್ತಿರದಲ್ಲಿ ಯಾವುದರ ಬಿಡಿಭಾಗ ಸಿಗುತ್ತದೋ, ಯಾವುದನ್ನು ಬಿಚ್ಚಿ ಕೂರಿಸುವ ಮೆಕ್ಯಾನಿಕ್ ಇದ್ದಾನೋ, ಅದನ್ನೇ ತಗೊಳ್ಳಿ. ಸ್ಟಿಲ್ ಜರ್ಮನಿಯದು, 1926ರಲ್ಲಿ ಶುರುವಾದ ಕಂಪನಿ. ಹಸ್ಕ್‌ವರ್ನ ಸ್ವೀಡನ್ನಿನದು. 1689ರಲ್ಲಿ ಬಂದೂಕು ಮಾಡಲು ಹುಟ್ಟಿದ ಕಾರ್ಖಾನೆ ಚೈನ್‌ಸಾಗೆ ಕೈ ಹಾಕಿದ್ದು 1959ರಲ್ಲಿ. ನಮ್ಮ ಹುಡುಗರಲ್ಲೂ ಎರಡು ಪಕ್ಷ ಇವೆ. ಒಬ್ಬನ ಮಷೀನು ಬೆಳಗಿನ ಚಳಿಗೆ ಎರಡು ಸಲ ಜಾಸ್ತಿ ಎಳೆಸಿಕೊಂಡರೆ ಸಾಕು, ಇನ್ನೊಬ್ಬ ಹಿಂದೆ ನಿಂತು "ತಳ್ಳಬೇಕೇನೋ?" ಅನ್ನುತ್ತಾನೆ. ಮಾರನೇ ದಿನ ಅವನ ಸರದಿ.

ಮೇಲೆ ಹೋಗುತ್ತದೆ ಅಂದರೆ ಕಥೆಯೇ ಬೇರೆ. ಆಗ ನನ್ನ ಉತ್ತರ: ಮಷೀನು ಕಡೆಗೆ ತಗೊಳ್ಳಿ, ಮೊದಲು ಹಗ್ಗ ತಗೊಳ್ಳಿ.

ನಮ್ಮ ಕಡೆ ಮರಗಸಿ ಅಂದರೆ ಒಂಟಿ ಬಿದಿರಿನ ಏಣಿ, ಸೊಂಟದಲ್ಲಿ ಕತ್ತಿ, ಎದೆಯಲ್ಲಿ ಧೈರ್ಯ. ಆ ತಲೆಮಾರಿನವರ ಕೈಚಳಕದ ಬಗ್ಗೆ ನನಗೆ ಎರಡು ಮಾತಿಲ್ಲ. ಯಾವ ಕೊಂಬೆ ಬಿಟ್ಟರೆ ಕಾಫಿಗೆ ಎಷ್ಟು ನೆರಳು ಬೀಳುತ್ತದೆ ಅಂತ ಕೆಳಗಿನಿಂದಲೇ ಹೇಳುತ್ತಿದ್ದರು. ನೆರಳು ಕಮ್ಮಿಯಾದರೆ ಅರೇಬಿಕಾ ಕಾಫಿಗೆ ಕಾಂಡಕೊರಕ ಹುಳ, ಜಾಸ್ತಿಯಾದರೆ ಮಳೆಗಾಲದಲ್ಲಿ ಕೊಳೆರೋಗ. ಆ ಲೆಕ್ಕ ಯಾವ ಮಷೀನಿಗೂ ಬರುವುದಿಲ್ಲ. ಆದರೆ ಕಾಲು ಜಾರಿದರೆ ಹಿಡಿಯಲು ಅವರಿಗೆ ಏನೂ ಇರಲಿಲ್ಲ. ಈಗ ಅಲ್ಯೂಮಿನಿಯಂ ಏಣಿ ಬಂದಿದೆ, ಹಗುರ, ಆದರೆ ಅದು ಕರೆಂಟ್ ಲೈನಿಗೆ ತಾಗಿ ಜೀವ ಹೋದ ಸುದ್ದಿ ಕಾಫಿ ಸೀಮೆಗೆ ಹೊಸದಲ್ಲ. ಲೈನ್ ಪಕ್ಕದ ಮರಕ್ಕೆ ಕರೆಂಟ್ ತೆಗೆಸದೆ ನಾವು ಹತ್ತುವುದೇ ಇಲ್ಲ.

ಸಿಲ್ವರ್ ಓಕ್ ನೋಡಿ. ಆಸ್ಟ್ರೇಲಿಯಾದಿಂದ ಬಂದ ಮರ, ನೆಟ್ಟಗೆ ಬೆಳೆಯುತ್ತದೆ, ಕಾಂಡದ ತುಂಬಾ ಮೆಣಸಿನ ಬಳ್ಳಿ. ಅಪ್ಪಿಕೊಂಡು ಹತ್ತಿದರೆ ಬಳ್ಳಿ ಕಿತ್ತು ಬರುತ್ತದೆ, ಸಾಹುಕಾರರು ಬೈಯುತ್ತಾರೆ. ಕಾಲಿಗೆ ಕಟ್ಟುವ ಕಬ್ಬಿಣದ ಮುಳ್ಳು ಬಳಸಿದರೆ ಪ್ರತಿ ಹೆಜ್ಜೆಗೂ ತೊಗಟೆಗೆ ತೂತು. ಮುಳ್ಳು ಕಡಿದು ಹಾಕುವ ಮರಕ್ಕೆ ಸರಿ, ಉಳಿಯಬೇಕಾದ ಮರಕ್ಕೆ ಬೇಡ. ಹಾಗಾಗಿ ಮುನ್ನೂರು ಗ್ರಾಂ ತೂಕದ ಸಣ್ಣ ಚೀಲಕ್ಕೆ ದಾರ ಕಟ್ಟಿ ಗಟ್ಟಿ ಕವಲಿಗೆ ಎಸೆಯುತ್ತೇವೆ. ದಾರದ ಹಿಂದೆ ಹಗ್ಗ ಹೋಗುತ್ತದೆ. ಸಿಲ್ವರ್ ಓಕ್ ಕೊಂಬೆ ಪಟಕ್ಕನೆ ಮುರಿಯುವ ಜಾತಿ. ಅದಕ್ಕೇ ಒಬ್ಬ ಹತ್ತುವ ಮೊದಲು ಇಬ್ಬರು ಹಗ್ಗಕ್ಕೆ ಜೋತು ಬಿದ್ದು ನೋಡುತ್ತೇವೆ. ಈ ಹೊತ್ತಿಗೆ ಸರಿಯಾಗಿ ಆಳುಗಳು ನಗುತ್ತಾರೆ. "ಉಯ್ಯಾಲೆ ಹಬ್ಬನಾ ಅಣ್ಣ?"

ಅಂಗಡಿಯಲ್ಲಿ ಸಿಗುವ ಹಳದಿ ಪ್ಲಾಸ್ಟಿಕ್ ಹಗ್ಗ ಸಾಕಲ್ಲ ಅಂತ ಕೇಳುತ್ತಾರೆ. ಸಾಲುವುದಿಲ್ಲ. ಅದು ಪಾಲಿಪ್ರೊಪಿಲೀನ್, 165 ಡಿಗ್ರಿ ಹತ್ತಿರ ಕರಗುತ್ತದೆ. ನಮ್ಮನ್ನು ಹಿಡಿದಿರುವ ಗಂಟು ಹಗ್ಗದ ಮೇಲೆ ಜೋರಾಗಿ ಉಜ್ಜಿದರೆ ಆ ಬಿಸಿ ಬರಲು ಜಾಸ್ತಿ ಹೊತ್ತು ಬೇಡ. ಮರ ಹತ್ತುವ ಹಗ್ಗದ ಮೇಲ್ಹೊದಿಕೆ ಪಾಲಿಯೆಸ್ಟರ್, ದಪ್ಪ ಸುಮಾರು 12 ಮಿಲಿಮೀಟರ್. ಅದರ ಮೇಲೆ ಪ್ರುಸಿಕ್ ಥರದ ಗಂಟು. ಆಸ್ಟ್ರಿಯಾದ ಪರ್ವತಾರೋಹಿ ಕಾರ್ಲ್ ಪ್ರುಸಿಕ್ 1931ರಲ್ಲಿ ಜನಕ್ಕೆ ಪರಿಚಯಿಸಿದ್ದು. ಭಾರ ಬಿದ್ದರೆ ಕಚ್ಚಿಕೊಳ್ಳುತ್ತದೆ, ಭಾರ ತೆಗೆದರೆ ಜಾರುತ್ತದೆ. ಹಗ್ಗದ ಜೊತೆಗೆ ಸೊಂಟದಿಂದ ಕಾಂಡಕ್ಕೆ ಇನ್ನೊಂದು ಕಟ್ಟು, ಒಳಗೆ ಉಕ್ಕಿನ ತಂತಿ ಇರುವಂಥದ್ದು. ಮಷೀನು ಓಡುವಾಗ ಎರಡು ಕಡೆ ಕಟ್ಟಿಕೊಂಡಿರಲೇಬೇಕು. ಕೈಯಲ್ಲಿ ಸೆಕೆಂಡಿಗೆ ಸುಮಾರು 20 ಮೀಟರ್ ಓಡುವ ಚೈನಿದೆ, ಪಕ್ಕದಲ್ಲೇ ನಿಮ್ಮ ಹಗ್ಗ ಇದೆ. ಬೇರೆ ವಿವರಣೆ ಬೇಕಾ?

ಇಷ್ಟೆಲ್ಲ ಇದ್ದರೂ ಮರದ ಮೇಲೆ ಹೆಚ್ಚಿನ ಕೆಲಸ ನಡೆಯುವುದು ಕೈಗರಗಸದಲ್ಲಿ. ಬಾಗಿದ ಅಲಗಿನ, ಎಳೆದಾಗ ಕೊಯ್ಯುವ ಜಪಾನೀ ಮಾದರಿಯದು. ತೋಳಿನ ಗಾತ್ರದ ಹಾಲುವಾಣ ಕೊಂಬೆ ಸಲೀಸಾಗಿ ಬೀಳುತ್ತದೆ, ಪೆಟ್ರೋಲ್ ಬೇಡ, ಗದ್ದಲ ಇಲ್ಲ, ಕೆಳಗಿನವನು ಕೂಗಿದ್ದು ಕೇಳಿಸುತ್ತದೆ. ದಪ್ಪ ಕೊಂಬೆಗೆ ಮಾತ್ರ ಮೇಲ್ಹಿಡಿಯ ಸಣ್ಣ ಮಷೀನು ಕಟ್ಟಿ ಎಳೆದುಕೊಳ್ಳುತ್ತೇವೆ. ಹಿಡಿ ಮೇಲಿದೆ ಅಂತ ಒಂದೇ ಕೈಯಲ್ಲಿ ಓಡಿಸುವವರಿದ್ದಾರೆ. ಬಾರಿನ ತುದಿಯ ಮೇಲ್ಭಾಗ ಯಾವುದಕ್ಕಾದರೂ ತಾಗಿದರೆ ಮಷೀನು ಮುಖದ ಕಡೆ ಎಗರುತ್ತದೆ. ಒಂದು ಕೈ ಅದನ್ನು ತಡೆಯುವುದಿಲ್ಲ.

ನಮ್ಮ ಗುಂಪಿನಲ್ಲಿ ಬೈಗುಳ, ತಮಾಷೆ ಇಲ್ಲದೆ ಕೆಲಸ ಆಗುವುದಿಲ್ಲ. ಮೇಲಿರುವವನಿಗೆ ಕೆಳಗಿನವರೆಲ್ಲ ಸೋಮಾರಿಗಳು. ಕೆಳಗಿನವರಿಗೆ ಅವನು ಗಾಳಿ ತಗೊಳ್ಳಲು ಹತ್ತಿದ ಸಾಹೇಬ. ಚೈನು ಮೊಂಡಾದರೆ ಚಕ್ಕೆ ಬೀಳುವ ಬದಲು ಪುಡಿ ಉದುರುತ್ತದೆ. ಅದು ತಲೆ ಮೇಲೆ ಬಿದ್ದ ತಕ್ಷಣ ಕೆಳಗಿನಿಂದ ಕೂಗು: "ರಾಗಿ ಬೀಸೋಕೆ ಹತ್ತಿದ್ದೀಯೇನೋ? ಇಳಿ, ಅರ ಹಾಕು!" ಅವನು ಸಿಟ್ಟು ಮಾಡಿಕೊಂಡರೂ ಇಳಿದು ಅರ ಹಾಕುತ್ತಾನೆ. ಹೆಲ್ಮೆಟ್ ಮರೆತು ಮರದಡಿ ಬಂದವನಿಗೆ ಸಿಗುವ ಮಾತನ್ನು ಇಲ್ಲಿ ಬರೆಯಲು ಆಗುವುದಿಲ್ಲ. ನಾನೇ ಎಚ್ಚರಿಕೆ ಹೇಳಿದರೆ ಭಾಷಣ ಅಂತ ಆಕಳಿಸುತ್ತಾರೆ, ಅದೇ ಮಾತು ಗೇಲಿಯಾಗಿ ಬಂದರೆ ಕೇಳುತ್ತಾರೆ.

ಮಷೀನು ತಂದೇ ತೀರುತ್ತೇನೆ ಅನ್ನುವವರಿಗೆ ಇನ್ನೆರಡು ಮಾತು. ಒಂದು ಲೀಟರ್ ಪೆಟ್ರೋಲಿಗೆ 20 ಮಿಲಿ ಒಳ್ಳೆ ಟೂ ಸ್ಟ್ರೋಕ್ ಆಯಿಲ್, ಅಂದಾಜಿಗೆ ಸುರಿಯಬೇಡಿ. ಬಾರಿಗೆ ಜೀಪಿನ ಸುಟ್ಟ ಆಯಿಲ್ ಬೇಡ, ಅದರಲ್ಲಿರುವ ಕಬ್ಬಿಣದ ಪುಡಿ ಬಾರನ್ನೇ ತಿನ್ನುತ್ತದೆ. ಚೈನಿಗೆ ತಕ್ಕ ಅಳತೆಯ ದುಂಡು ಅರ ಮಷೀನಿನ ಜೊತೆಗೇ ತಗೊಳ್ಳಿ.

ಜುಲೈ ಗಾಳಿಗೆ ಬುಡಸಮೇತ ಉರುಳಿದ ಮರವನ್ನು ಮಾತ್ರ ಹೊಸ ಮಷೀನಿನ ಹುಮ್ಮಸ್ಸಿನಲ್ಲಿ ಮುಟ್ಟಬೇಡಿ. ಬಾಗಿ ಸಿಕ್ಕಿಕೊಂಡ ಕಾಂಡದಲ್ಲಿ ಒಂದು ಮಗ್ಗುಲು ಹಿಗ್ಗಿರುತ್ತದೆ, ಇನ್ನೊಂದು ಕುಗ್ಗಿರುತ್ತದೆ. ಹಿಗ್ಗಿದ ಕಡೆ ಮೊದಲು ಕೊಯ್ದರೆ ಸಿಗಿದು ಮೈಮೇಲೆ ಬರುತ್ತದೆ. ಕುಗ್ಗಿದ ಕಡೆ ಆಳಕ್ಕೆ ಹೋದರೆ ಬಾರು ಕಚ್ಚಿಕೊಳ್ಳುತ್ತದೆ. ಕಾಂಡ ಬೇರ್ಪಟ್ಟ ಕ್ಷಣಕ್ಕೆ ಮಣ್ಣು ಹೊತ್ತ ಬೇರಿನ ಗುಡ್ಡೆ ಮತ್ತೆ ಗುಂಡಿಗೆ ಕೂರುವುದೂ ಉಂಟು. ಅದರ ಹಿಂದೆ ಯಾರೂ ನಿಂತಿರಬಾರದು. ಇಂಥ ಮರಕ್ಕೆ ಗೊತ್ತಿರುವವರನ್ನು ಕರೆಸಿ. ನಮ್ಮನ್ನೇ ಕರೆದರೂ ಸರಿ, ಆದರೆ ಮಳೆಯಲ್ಲಿ ಬಂದವರ ಹತ್ತಿರ ಕೂಲಿ ಚೌಕಾಸಿ ಮಾಡಬೇಡಿ. ಬಿಸಿ ಕಾಫಿ ಬೇರೆ, ಅದನ್ನು ಕೂಲಿಯಲ್ಲಿ ಹಿಡಿಯುವಂತಿಲ್ಲ.