ಊದಿದ ಕೆನ್ನೆಯ ಫೋಟೋ

"ನುಡಿಸುವಾಗ ಮಾತ್ರ ತೆಗೀಬ್ಯಾಡ ಕಣಪ್ಪಾ. ಕೆನ್ನೆ ಊದ್ಕಂಡಿರ್ತವೆ, ಚೆನ್ನಾಗ್ ಕಾಣಲ್ಲ."

ಮಂಗಳವಾರ ಕೇಳಿದ ಮಾತು ಇದು. ಇನ್ನೂ ತಲೆಯಿಂದ ಹೋಗಿಲ್ಲ. ಹೇಳಿದವರು ಬೇಲೂರು ಕಡೆಯ ವಾಲಗದ ಯಜಮಾನರು. ನಮ್ಮ ಸೀಮೆಯ ಎಷ್ಟೋ ಮದುವೆಗಳಲ್ಲಿ ಗಟ್ಟಿಮೇಳ ಅವರದ್ದೇ. ಊರ ಜಾತ್ರೆಯಲ್ಲಿ ಅವರಿಗೆ ಸನ್ಮಾನ ಇದೆ, ಫ್ಲೆಕ್ಸಿಗೆ ಫೋಟೋ ಬೇಕು ಅಂತ ಮಗಳು ಫೋನ್ ಮಾಡಿದ್ದರು. ಅವರ ಹತ್ತಿರ ಇದ್ದದ್ದು ಆಧಾರ್ ಕಾರ್ಡಿನ ಫೋಟೋ ಒಂದೇ.

ನಿಮ್ಮ ಮನೆಯ ಮದುವೆ ಆಲ್ಬಂ ತೆಗೆದು ನೋಡಿ. ಚಪ್ಪರ, ಊಟದ ಪಂಕ್ತಿ, ಕಾರಿನ ಹೂವಿನ ಅಲಂಕಾರ, ಎಲ್ಲಾ ಇರುತ್ತೆ. ವಾಲಗದವರು? ಯಾರದೋ ಹೆಗಲ ಹಿಂದೆ ಅರ್ಧ ಮುಖ. "ಸ್ವಲ್ಪ ಆ ಕಡೆ ಸರೀರಿ" ಅಂತ ಫೋಟೋಗ್ರಾಫರ್ ಹೇಳಿದ ಕೂಡಲೇ ಅವರು ನುಡಿಸುತ್ತಲೇ ಸರಿಯುತ್ತಾರೆ. ಅವರು ನಿಲ್ಲಿಸಿದರೆ ತಾಳಿ ಕಟ್ಟುವ ಗಳಿಗೆಗೆ ಸದ್ದೇ ಇಲ್ಲ. ಆದರೂ ಆಲ್ಬಂನಲ್ಲಿ ಅವರಿಗೆ ಜಾಗ ಇಲ್ಲ. ನನಗೆ ಇದು ಅನ್ಯಾಯ ಅನ್ನಿಸುತ್ತೆ.

ಯಜಮಾನರು ಜರಿ ಶಲ್ಯ ಹೊದ್ದು, ನಾಗಸ್ವರವನ್ನು ಕಾವಲಿನವರು ಕೋಲು ಹಿಡಿದ ಹಾಗೆ ನೆಟ್ಟಗೆ ಹಿಡಿದು ಕೂತರು. ಪಡಸಾಲೆ ಬಾಗಿಲಿಂದ ಒಳ್ಳೆ ಬೆಳಕು ಬರುತ್ತಿತ್ತು. ಆ ಬೆಳಕಲ್ಲಿ ಬೆರಳಿಡುವ ಏಳು ತೂತುಗಳ ಸುತ್ತ ಮರ ಸವೆದು ನುಣುಪಾಗಿ ಹೊಳೆಯುತ್ತಿತ್ತು. ಉಳಿದ ಕಡೆ ಮಬ್ಬು ಕಪ್ಪು. ಬಿಡಿ ಸೀವಾಳಿಗಳು, ಅಂದರೆ ಊದುವ ತುದಿಗೆ ಸಿಕ್ಕಿಸುವ ಪುಟ್ಟ ಪೀಪಿಗಳು, ದಾರದಲ್ಲಿ ನೇತಾಡುತ್ತಿದ್ದವು. ಮುಖ ಮಾತ್ರ ಪಾಸ್‌ಪೋರ್ಟ್ ಫೋಟೋದ ಮುಖ.

"ಒಂಚೂರು ನುಡಿಸಿ ಯಜಮಾನ್ರೇ" ಅಂದೆ. ಆಗ ಬಂದದ್ದು ಆ ಮಾತು.

ಕಾರಣ ಹೇಳಿದ್ದು ಮಗಳು. ಯಾವುದೋ ಮದುವೆಯಲ್ಲಿ ಹುಡುಗರು ಅವರ ಕೆನ್ನೆಯನ್ನೇ ಹತ್ತಿರದಿಂದ ಮೊಬೈಲಲ್ಲಿ ತೆಗೆದು, ತಮಾಷೆ ಸದ್ದು ಸೇರಿಸಿ ಸ್ಟೇಟಸ್ ಹಾಕಿದ್ದರಂತೆ. ಅದು ತಿರುಗಿ ತಿರುಗಿ ಮೊಮ್ಮಗನ ಫೋನಿಗೇ ಬಂತಂತೆ. ಮಗಳು ಹೇಳುವಷ್ಟು ಹೊತ್ತೂ ಯಜಮಾನರು ಸೀವಾಳಿ ದಾರ ಬಿಚ್ಚಿ ಕಟ್ಟುತ್ತಾ ಇದ್ದರು. ನನಗೆ ಮೈ ಉರಿಯಿತು. ವಯಸ್ಸಾದ ಕಲಾವಿದರಿಗೆ ತನ್ನ ಉಸಿರಿನ ಬಗ್ಗೆ ನಾಚಿಕೆ ಹುಟ್ಟಿಸಿದ್ದಾರಲ್ಲ, ಎಂಥ ಹುಡುಗರು!

ನುಡಿಸುವಾಗಿನ ಮುಖವೇ ಚೆಂದ ಅನ್ನೋದು ನನ್ನ ನಂಬಿಕೆ. ಬೇಲೂರಿನವರಿಗೆ ಇದನ್ನ ಬಿಡಿಸಿ ಹೇಳಬೇಕಾ? 1117ರಲ್ಲಿ ಪ್ರತಿಷ್ಠೆಯಾದ ಗುಡಿ. ಅಲ್ಲಿ ವಾದ್ಯ ಬಾರಿಸುವ ಮದನಿಕೆ ಸುಮ್ನೆ ವಾದ್ಯ ಹಿಡಿದು ನಿಂತಿಲ್ಲ. ಸೊಂಟ ಬಾಗಿದೆ, ಕೈ ಕೆಲಸದಲ್ಲಿದೆ. ಶಿಲ್ಪಿಗಳಾದ ದಾಸೋಜ, ಚಾವಣ ತಮ್ಮ ಹೆಸರನ್ನೂ ಕಲ್ಲಲ್ಲಿ ಕೆತ್ತಿ ಹೋಗಿದ್ದಾರೆ. ಹಳೇಬೀಡಿನ ವೇಣುಗೋಪಾಲನೂ ಕೊಳಲೂದುತ್ತಲೇ ನಿಂತಿದ್ದಾನೆ.

ನುಡಿಸದೆಯೂ ದೊಡ್ಡ ಫೋಟೋ ಆಗುತ್ತೆ, ಅದೂ ನಿಜ. 1946ರಲ್ಲಿ ಅಮೆರಿಕದ ಫೋಟೋಗ್ರಾಫರ್ ಆರ್ನಾಲ್ಡ್ ನ್ಯೂಮನ್ ಸಂಗೀತಗಾರ ಸ್ಟ್ರಾವಿನ್‌ಸ್ಕಿಯ ಫೋಟೋ ತೆಗೆದಾಗ ಪಿಯಾನೋದ ಕಪ್ಪು ಮುಚ್ಚಳಕ್ಕೇ ಮುಕ್ಕಾಲು ಜಾಗ ಕೊಟ್ಟರು. ಮನುಷ್ಯ ಎಡಗಡೆ ಮೂಲೆಯಲ್ಲಿ ತಲೆಗೆ ಕೈ ಕೊಟ್ಟು ಕೂತಿದ್ದಾನೆ. ತೆಗೆಸಿದ ಪತ್ರಿಕೆ ಅದನ್ನು ಬೇಡ ಅಂತು. ಇವತ್ತು ನ್ಯೂಮನ್ ಅಂದರೆ ಜನಕ್ಕೆ ಮೊದಲು ನೆನಪಾಗೋದು ಅದೇ ಫೋಟೋ. ಆದರೆ ಪಿಯಾನೋ ನೆಲದ ಮೇಲೆ ತಾನೇ ನಿಲ್ಲುತ್ತೆ. ನಾಗಸ್ವರ ಹಾಗಲ್ಲ. ತುಟಿಗೆ ಬಂದ ಮೇಲೇ ಅದಕ್ಕೆ ಜೀವ.

ಹಾಗಂತ ಬಲವಂತ ಮಾಡೋಕಾಗುತ್ತಾ? ಮುಖ ಅವರದ್ದು. ಫೋಟೋ ನೋಡುತ್ತಾ ಬದುಕಬೇಕಾದವರೂ ಅವರೇ. ಕ್ಯಾಮೆರಾ ಕೆಳಗಿಟ್ಟು ಕಾಫಿ ಕುಡಿದೆ. ನುಡಿಸುವ ಮುಂಚೆ ಏನೇನು ಮಾಡ್ತೀರಿ ಅಂತ ಕೇಳಿದೆ. ಅವರು ತೋರಿಸಿದರು. ಸೀವಾಳಿಯನ್ನು ಬಾಯಲ್ಲಿಟ್ಟು ನೆನೆಸಿದರು. ಬೆಳಕಿಗೆ ಹಿಡಿದು ಅದರ ಬಾಯಿ ಎಷ್ಟು ತೆರೆದಿದೆ ಅಂತ ಒಂದು ಕಣ್ಣು ಮುಚ್ಚಿ ನೋಡಿದರು. ಸಿಕ್ಕಿಸಿದರು. ಬೆರಳು ಒಂದೊಂದೇ ತನ್ನ ತೂತಿಗೆ ಹೋಗಿ ಕೂತಿತು. ಕಣ್ಣು ಮುಚ್ಚಿ ಉಸಿರು ತಗೊಂಡರು. ಎದೆ ತುಂಬಿತ್ತು, ಕೆನ್ನೆ ಇನ್ನೂ ತುಂಬಿರಲಿಲ್ಲ.

ಅಲ್ಲಿ ಕ್ಲಿಕ್ ಮಾಡಿದೆ, ಪಕ್ಕದಿಂದ. ಎದುರಿಂದ ತೆಗೆದಿದ್ದರೆ ನಾಗಸ್ವರದ ಅಗಲ ಬಾಯಿ ದೊಡ್ಡದಾಗಿ ಕಂಡು ಮುಖ ಅದರ ಹಿಂದೆ ಸೇರಿಬಿಡುತ್ತಿತ್ತು. 85 ಎಂಎಂ ಲೆನ್ಸ್, ಬಾಗಿಲ ಬೆಳಕು, ಬಿಳಿ ಪಂಚೆಯ ಮೇಲೆ ವಾದ್ಯದ ಓರೆ ಕಪ್ಪು ಗೆರೆ.

ಪರದೆಯಲ್ಲಿ ತೋರಿಸಿದೆ. ಬಹಳ ಹೊತ್ತು ನೋಡಿದರು. "ಇದ್ರಲ್ಲಿ ಶ್ರುತಿ ಹಿಡ್ಕಂಡಿದೀನಿ" ಅಂದರು. ಆಮೇಲೆ ಯಾರೂ ಕೇಳದೆ ಒಂದು ಮೋಹನ ರಾಗ ನುಡಿಸಿದರು. ಕೆನ್ನೆ ಊದಿತ್ತು. "ಈಗ ತಗೋ, ಆದ್ರೆ ಫ್ಲೆಕ್ಸಿಗೆ ಬ್ಯಾಡ" ಅಂದರು.

ಆ ಫೋಟೋವನ್ನು ಇಲ್ಲಿ ಹಾಕುತ್ತಿಲ್ಲ. ಮಗಳಿಗೆ ದೊಡ್ಡ ಪ್ರಿಂಟ್ ಕೊಟ್ಟಿದ್ದೇನೆ. ಫ್ಲೆಕ್ಸಿನವರಿಗೆ ಮೊದಲಿನದ್ದು ಹೋಗಿದೆ. ಕೆಳಗೆ 'ವಾಲಗದ ಸೆಟ್' ಅಂತ ಹಾಕದೆ ಅವರ ಹೆಸರನ್ನೇ ದೊಡ್ಡ ಅಕ್ಷರದಲ್ಲಿ ಹಾಕಿ ಅಂತ ಹೇಳಿ ಕಳಿಸಿದ್ದೇನೆ. ಅವರ ಜೊತೆಯ ಡೋಲಿನವರು ನಿನ್ನೆ ಫೋನ್ ಮಾಡಿ, ನನ್ನದೂ ಒಂದು ತೆಗೀತೀರಾ ಅಂತ ಕೇಳಿದರು. ಭಾನುವಾರ ಹೋಗುತ್ತಿದ್ದೇನೆ. ಈ ಸಲ ಕೈಯಿಂದ ಶುರು ಮಾಡಬೇಕು ಅಂತಿದೆ.