ಬೀದರ್‌ಗೆ ಹೋದರೆ ಒಂದು ರಾತ್ರಿ ಉಳೀರಿ

ಕಲಬುರಗಿಯಲ್ಲಿ ಶನಿವಾರ, ಭಾನುವಾರ ಕೈಗೆ ಸಿಕ್ಕಿತು ಅಂದರೆ ಜನ ಸೀದಾ ಹೈದರಾಬಾದ್ ದಾರಿ ಹಿಡಿಯುತ್ತಾರೆ. ಇಲ್ಲಾಂದ್ರೆ ಸೊಲ್ಲಾಪುರ. ಬೀದರ್ ಹೆಸರು ತೆಗೆದರೆ ಮಾತ್ರ, "ಮುಂಜಾನೆ ಹೋಗಿ ಸಂಜಿಗಿ ಬರೋ ಊರು ಬಿಡ್ರಿ ಅದು" ಅಂತಾರೆ. ಕೋಟೆಯಲ್ಲಿ ಒಂದು ಸುತ್ತು, ಗುರುದ್ವಾರ, ಝರಣಿ ನರಸಿಂಹನ ಗುಹೆ ಗುಡಿ, ಮುಗೀತು. ನಾನು ಇದನ್ನ ಒಪ್ಪೋದಿಲ್ಲ. ಬೀದರ್ ಅವಸರದಲ್ಲಿ ನೋಡೋ ಊರಲ್ಲ. ಸಂಜೆ ಅಲ್ಲೇ ಇರಬೇಕು, ಬೆಳಿಗ್ಗೆ ಅಲ್ಲೇ ಏಳಬೇಕು. ಯಾಕೆ ಅಂತ ಹೇಳ್ತೀನಿ.

ಎಳ್ಳಮಾವಾಸ್ಯೆಗೆ ಬೆಂಗಳೂರಿನಿಂದ ಬಂದಿದ್ದ ನನ್ನ ತಂಗಿ ಇನ್ನೊಂದು ವಾರ ರಜೆ ಹಾಕಿ ಮನೆಯಲ್ಲೇ ಉಳಿದಿದ್ದಳು. ಶನಿವಾರ ಬೆಳಿಗ್ಗೆ ಇಬ್ಬರೂ ಬೀದರ್ ರೈಲು ಹತ್ತಿದೆವು. ಅವ್ವ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಿದ್ದಳು. ಈ ಮಾರ್ಗದಲ್ಲಿ ರೈಲು ಓಡೋಕೆ ಶುರುವಾಗಿದ್ದು 2017ರಲ್ಲಿ. ಅಲ್ಲಿವರೆಗೆ ಹುಮನಾಬಾದ್ ಮೇಲೆ ಬಸ್ಸೇ ಗತಿ. ಈಗ ಸುಮಾರು 110 ಕಿಲೋಮೀಟರ್ ಕಿಟಕಿ ಪಕ್ಕ ಕೂತು ಹೋಗಬಹುದು. ಕಮಲಾಪುರದವರೆಗೆ ಕರಿ ಎರೆಮಣ್ಣು, ಕೊಯ್ಲಿಗೆ ಬಂದ ತೊಗರಿ. ಮುಂದೆ ಗುಡ್ಡದೊಳಗಿನ ಸುರಂಗ ದಾಟಿ ರೈಲು ಮೇಲಕ್ಕೆ ಏರಿದ ಹಾಗೆ ಮಣ್ಣಿನ ಬಣ್ಣ ತಿರುಗುತ್ತದೆ. ಬೀದರ್ ಬರುವಷ್ಟರಲ್ಲಿ ಎಲ್ಲಿ ನೋಡಿದರೂ ಕೆಂಪು. ಊರು ಇರೋದು ಸಮುದ್ರಮಟ್ಟದಿಂದ ಎರಡು ಸಾವಿರ ಅಡಿಗೂ ಹೆಚ್ಚು ಎತ್ತರದಲ್ಲಿ, ಜಂಬಿಟ್ಟಿಗೆ ಕಲ್ಲಿನ ಹಾಸಿನ ಮೇಲೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡೋಳು. ಅದಕ್ಕೇ ಇರಬೇಕು, ಬೀದರಿನಲ್ಲಿ ಇಳಿದ ಕೂಡಲೇ ನನ್ನ ಕಣ್ಣು ಹೋಗೋದು ಈ ಕಲ್ಲಿನ ಮೇಲೆ. ಈ ಊರಿನ ಕೋಟೆ, ನೀರು, ಕಸುಬು ಮೂರಕ್ಕೂ ಅದೇ ಮೂಲ.

ಲಾಡ್ಜಿನಲ್ಲಿ ಬ್ಯಾಗ್ ಇಟ್ಟು ಹತ್ತಿರದ ಖಾನಾವಳಿಯಲ್ಲಿ ಊಟ ಮಾಡಿದೆವು. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಎಣ್ಣೆಗಾಯಿ, ಕಟ್ಟಿದ ಮೊಸರು. ಪುಂಡಿಪಲ್ಯಕ್ಕೆ ಬೆಳ್ಳುಳ್ಳಿ ಒಗ್ಗರಣೆ ಜಾಸ್ತಿನೇ ಬಿದ್ದಿತ್ತು. ಹಾಗೆ ಬಿದ್ದರೇನೇ ಚೆಂದ. ಬಡಿಸುವ ಅಜ್ಜಿ "ಇನ್ನೊಂದ್ ತಗೋ ಯವ್ವಾ, ಬಿಸಿ ಅದ" ಅಂತ ಕೇಳಿ ಕೇಳಿ ಹಾಕಿದರು. ತಂಗಿ ಬೆಂಗಳೂರಿನಲ್ಲಿ ಕಳೆದುಕೊಂಡದ್ದನ್ನೆಲ್ಲ ಅಲ್ಲೇ ಕೂತು ವಸೂಲಿ ಮಾಡಿದಳು.

ಕೋಟೆಗೆ ಮಧ್ಯಾಹ್ನ ಹೋಗೋದು ಒಳ್ಳೇದು. ಇಳಿಬಿಸಿಲಿನಲ್ಲಿ ಗೋಡೆಗಳ ಕೆಂಪು ಎದ್ದು ಕಾಣುತ್ತದೆ. ಬಹಮನಿ ದೊರೆ ಅಹ್ಮದ್ ಶಾ ರಾಜಧಾನಿಯನ್ನು ನಮ್ಮ ಕಲಬುರಗಿಯಿಂದ ಇಲ್ಲಿಗೆ ತಂದದ್ದು ಹದಿನೈದನೇ ಶತಮಾನದ ಮೊದಲ ಭಾಗದಲ್ಲಿ. ಕೋಟೆಯ ಸುತ್ತಲಿನ ಕಂದಕವನ್ನು ಬಗ್ಗಿ ನೋಡಿ. ಅದು ಕಟ್ಟಿದ್ದಲ್ಲ, ನೆಲದ ಬಂಡೆಯನ್ನೇ ಕಡೆದು ಮಾಡಿದ್ದು. ಊರ ಕಡೆಯ ಭಾಗದಲ್ಲಿ ಒಂದರ ಪಕ್ಕ ಒಂದು ಮೂರು ಕಂದಕ ಇವೆ. ನಡುವೆ ಬಂಡೆಯನ್ನೇ ಗೋಡೆ ಹಾಗೆ ಉಳಿಸಿದ್ದಾರೆ. ಎಷ್ಟು ಜನರ ತೋಳು ಇದಕ್ಕೆ ಬಿದ್ದಿರಬೇಕು! ದಾಟಿ ಒಳಗೆ ಹೋಗುವಾಗ ಶರ್ಜಾ ದರ್ವಾಜಾ ಸಿಗುತ್ತದೆ. ತಲೆ ಎತ್ತಿದರೆ ಎರಡೂ ಬದಿಗೆ ಕಲ್ಲಿನ ಹುಲಿ. ಎಲ್ಲರೂ ಗಾಡಿ ಒಳಗೆ ಕೂತೇ ಈ ಬಾಗಿಲು ದಾಟಿಬಿಡ್ತಾರೆ. ಇಳಿದು ನಡೆಯಬೇಕು.

ಒಳಗೆ ನೋಡೋದು ಬೇಕಾದಷ್ಟಿದೆ. ಗಗನ್ ಮಹಲ್, ತರ್ಕಶ್ ಮಹಲ್, ತಖ್ತ್ ಮಹಲ್. ಹಳೆಯ ಹಮಾಮ್‌ಖಾನೆಯಲ್ಲಿ ಮ್ಯೂಸಿಯಂ. ಸೋಲಾ ಖಂಬಾ ಮಸೀದಿಯ ದಪ್ಪ ದಪ್ಪ ಕಂಬಗಳ ನಡುವೆ ನೆರಳು ತಂಪಾಗಿರುತ್ತದೆ. ಅದು 1423-24ರದ್ದು, ಅಂದರೆ ರಾಜಧಾನಿ ಇಲ್ಲಿಗೆ ಬರೋಕೂ ಸ್ವಲ್ಪ ಮುಂಚಿನದು. ಆದರೆ ನನ್ನ ಮಾತು ಕೇಳಿದರೆ ಹೆಚ್ಚು ಹೊತ್ತನ್ನ ರಂಗೀನ್ ಮಹಲಿಗೆ ಕೊಡಿ. ನಾವು ಹೋದಾಗ ಬೀಗ ಹಾಕಿತ್ತು. ಕಾವಲಿನವರನ್ನು ಕೇಳಿದೆವು, ಬಂದು ತೆರೆದು ತೋರಿಸಿದರು. ಹೊರಗಿನಿಂದ ನೋಡಿದರೆ ಏನೂ ಅನ್ನಿಸೋದಿಲ್ಲ. ಒಳಗೆ ಹೋದರೆ ಮೊದಲು ಮರದ ಕಂಬಗಳು. ಬೋದಿಗೆಯ ಕೆತ್ತನೆ ಇವತ್ತಿಗೂ ಚೂಪಾಗಿದೆ. ಒಳಗಿನ ಕೋಣೆಯ ಬಾಗಿಲ ಸುತ್ತ ಕರಿಕಲ್ಲು. ಅದರಲ್ಲಿ ಮುತ್ತಿನ ಚಿಪ್ಪನ್ನು ಕತ್ತರಿಸಿ ಕೂರಿಸಿ ಬಳ್ಳಿ, ಹೂವು, ಪಾರ್ಸಿ ಸಾಲುಗಳನ್ನು ಬರೆದಿದ್ದಾರೆ. ಮಹಲಿಗೆ ಈ ಸೊಗಸು ಬಂದದ್ದು ಬಹಮನಿಗಳ ನಂತರ ಬೀದರ್ ಆಳಿದ ಬರೀದ್ ಶಾಹಿ ಮನೆತನದ ದೊರೆ ಅಲಿ ಬರೀದ್‌ನ ಕಾಲದಲ್ಲಿ, ಹದಿನಾರನೇ ಶತಮಾನದಲ್ಲಿ. ನೇರ ನಿಂತು ನೋಡಿದರೆ ಚಿಪ್ಪು ಬರೀ ಬಿಳಿ. ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ತಿಳಿ ಗುಲಾಬಿ, ಇನ್ನೊಂದು ಹೆಜ್ಜೆಗೆ ಹಸಿರು. ತಂಗಿ ಅಲ್ಲೇ ಹಿಂದೆ ಮುಂದೆ ಓಡಾಡಿದಳು. "ಅಕ್ಕಾ, ಇದು ಥೇಟ್ ಬಿದ್ರಿ ಇದ್ದಂಗೇ ಅದಲಾ, ಕಪ್ಪಿನ್ಯಾಗ ಬಿಳಿ" ಅಂದಳು. ಬಿದ್ರಿ ಅಂದರೆ ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಈ ಊರಿನ ಕಸುಬು. ನನಗೆ ಅಷ್ಟು ಹೊತ್ತು ಇದು ಹೊಳೆದಿರಲಿಲ್ಲ. ಆಮೇಲೆ ಊರೆಲ್ಲ ಆ ಮಾತನ್ನೇ ಹಿಡಿದು ನೋಡಿದೆ.

ಒಂದು ವಿಷಯ ಹೇಳಲೇಬೇಕು. ಕೋಟೆಯ ಗೋಡೆಗಳ ಮೇಲೆ ಕಲ್ಲಿನಿಂದ ಗೀರಿದ ಹೆಸರುಗಳು, ಹಾರ್ಟ್ ಚಿತ್ರಗಳು. ಹೊಟ್ಟೆ ಉರೀತು. ಆರು ನೂರು ವರ್ಷ ಮಳೆ, ಯುದ್ಧ ಎಲ್ಲ ತಡೆದ ಗಾರೆ ಅದು. ಮಕ್ಕಳನ್ನು ಕರ್ಕೊಂಡು ಹೋಗುವವರು ದಯವಿಟ್ಟು ಅವರ ಕೈ ಮೇಲೆ ಒಂದು ಕಣ್ಣಿಡಿ.

ಸಂಜೆ ಹಳೆ ಊರಿಗೆ ನಡೆದೇ ಬಂದೆವು. ರಸ್ತೆಗಳು ಕೂಡುವ ಕಡೆ ಚೌಬಾರಾ ನಿಂತಿದೆ. 71 ಅಡಿ ಎತ್ತರದ ದುಂಡನೆಯ ಕಾವಲು ಗೋಪುರ, ಮೇಲೆ ಗಡಿಯಾರ. ಅದರ ಸುತ್ತಲೂ ಹಣ್ಣಿನ ಬಂಡಿ, ಬಳೆ ಅಂಗಡಿ, ಆಟೋಗಳ ಗದ್ದಲ. ದಿನದಲ್ಲಿ ಬಂದು ಹೋಗುವವರಿಗೆ ಸಿಗದ ಬೀದರ್ ಇದೇ. ಚಳಿ ಏರುತ್ತಿತ್ತು. ಚಳಿಗಾಲದಲ್ಲಿ ರಾಜ್ಯದಲ್ಲೇ ಹೆಚ್ಚು ತಣ್ಣಗಿರುವ ಊರುಗಳಲ್ಲಿ ಬೀದರ್ ಒಂದು, ಸ್ವೆಟರ್ ಮರೀಬೇಡಿ. ಚಿಕ್ಕ ಹೋಟೆಲಿನಲ್ಲಿ ಇರಾನಿ ಚಾ, ಜೊತೆಗೆ ಉಸ್ಮಾನಿಯಾ ಬಿಸ್ಕಿಟ್. ಕಿವಿಗೆ ಬೀಳುವ ಮಾತಂತೂ ಇನ್ನೂ ರುಚಿ. ಒಬ್ಬರು ದಖ್ಖನಿಯಲ್ಲಿ ಶುರು ಮಾಡಿ ಕನ್ನಡದಲ್ಲಿ ಮುಗಿಸ್ತಾರೆ. ಪಕ್ಕದವರು ಮರಾಠಿಯಲ್ಲಿ ನಗ್ತಾರೆ. ರಾತ್ರಿ ತಂಗಿ ಬಿರಿಯಾನಿ ತಿಂದಳು. ನಾನು ಮಾಂಸ ತಿನ್ನೋದಿಲ್ಲ, ದಾಲ್ ರೊಟ್ಟಿಯಲ್ಲಿ ಊಟ ಮುಗಿಸಿ ಖುಬಾನಿ ಕಾ ಮೀಠಾಗೆ ಜಾಗ ಉಳಿಸಿಕೊಂಡೆ. ಜರ್ದಾಳು ಹಣ್ಣನ್ನು ಸಕ್ಕರೆಯಲ್ಲಿ ಮೆತ್ತಗಾಗುವವರೆಗೆ ಬೇಯಿಸಿ ಮೇಲೆ ಕೆನೆ ಹಾಕಿ ಕೊಡ್ತಾರೆ. ಹುಳಿ-ಸಿಹಿ ಎರಡೂ ಇರುವ ಸಿಹಿತಿಂಡಿ ನನಗೆ ಬಲು ಇಷ್ಟ.

ಭಾನುವಾರ ಬೆಳಕು ಹರಿಯುವಾಗಲೇ ಆಟೋ ಹಿಡಿದು ಅಷ್ಟೂರಿಗೆ ಹೊರಟೆವು. ಊರಿನಿಂದ ಕೆಲವೇ ಕಿಲೋಮೀಟರ್. ರಾತ್ರಿ ಉಳೀರಿ ಅನ್ನೋದಕ್ಕೆ ನನ್ನ ದೊಡ್ಡ ಕಾರಣ ಇದು. ಹೊಲಗಳ ನಡುವೆ ಬಹಮನಿ ಸುಲ್ತಾನರ ಗುಮ್ಮಟಗಳು ಸಾಲಾಗಿ ನಿಂತಿವೆ. ಹುಮಾಯೂನ್ ಶಾನ ಗೋರಿ ಅರ್ಧ ಕುಸಿದಿದೆ, ಸಿಡಿಲು ಬಡಿದದ್ದು ಅಂತಾರೆ. ಸೀಳಿದ ಗುಮ್ಮಟದ ಗೋಡೆ ಎಷ್ಟು ದಪ್ಪ, ಒಳಗೆ ಹೇಗೆ ಕಟ್ಟಿದ್ದಾರೆ ಅನ್ನೋದು ಪಾಠದ ಚಿತ್ರದಷ್ಟು ಸ್ಪಷ್ಟವಾಗಿ ಕಾಣುತ್ತದೆ. ಅಹ್ಮದ್ ಶಾನ ಗೋರಿಯೊಳಗೆ ಕಾಲಿಟ್ಟರೆ ಮೊದಲು ಕತ್ತಲೆ. ಕಣ್ಣು ಹೊಂದಿಕೊಂಡ ಮೇಲೆ ಗೋಡೆ, ಗುಮ್ಮಟ ಎಲ್ಲ ಬಣ್ಣ ಅಂತ ಗೊತ್ತಾಗುತ್ತದೆ. ಕೆಂಪು, ನೀಲಿ, ಬಂಗಾರದ ಅಕ್ಷರಗಳು, ಸುರುಳಿ ಬಳ್ಳಿಗಳು. 1436ರಲ್ಲಿ ತೀರಿಕೊಂಡ ಈ ದೊರೆ ನಮ್ಮ ಕಲಬುರಗಿಯ ಸೂಫಿ ಸಂತ ಬಂದೇನವಾಜರ ಭಕ್ತನೂ ಆಗಿದ್ದವನು. ಜನ ಇವನನ್ನು ವಲಿ, ಅಂದರೆ ಸಂತ, ಅಂದರು. ಕೆಲವರು ಅಲ್ಲಮಪ್ರಭು ಅಂತಲೇ ನಡೆದುಕೊಳ್ಳುತ್ತಾರೆ. ಉರುಸಿನ ದಿನ ಹಿಂದೂ ಪಂಚಾಂಗದ ಲೆಕ್ಕದಲ್ಲಿ ಬರುತ್ತದೆ. ನಮ್ಮ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ಬಂದು ಅದನ್ನು ನಡೆಸಿಕೊಡುತ್ತಾರೆ. ಕಲಬುರಗಿಯಲ್ಲಿ ಹುಟ್ಟಿ ಬೆಳೆದ ನಾವು ಇದನ್ನ ಮಕ್ಕಳಿಗೆ ಹೇಳದೇ ಇದ್ದರೆ ಇನ್ಯಾರು ಹೇಳಬೇಕು?

ತಿರುಗಿ ಬರುವಾಗ ಒಂದು ಪ್ಲೇಟ್ ಚುರುಮುರಿ ಸುಸಲಾ, ಮಿರ್ಚಿ ಭಜಿ. ಆಮೇಲೆ ಮಹಮೂದ್ ಗವಾನನ ಮದರಸಾ. ಗವಾನ್ ಇರಾನಿನ ಗಿಲಾನ್ ಕಡೆಯವನು, ವ್ಯಾಪಾರಕ್ಕೆ ಬಂದು ಬಹಮನಿ ರಾಜ್ಯದ ಮಂತ್ರಿಯಾದ. 1472ರಲ್ಲಿ ಈ ಮೂರಂತಸ್ತಿನ ಕಾಲೇಜು ಕಟ್ಟಿಸಿದ. ಓದುವ ಕೋಣೆ, ಹುಡುಗರಿಗೆ ಉಳಿಯುವ ಕೋಣೆ, ಪುಸ್ತಕ ಭಂಡಾರ, ಎಲ್ಲ ಒಂದೇ ಕಡೆ. ಆಗದವರು ಅವನ ಮುದ್ರೆ ಇರುವ ಖೋಟಾ ಕಾಗದ ಹುಟ್ಟಿಸಿದರು. ಸುಲ್ತಾನ ನಂಬಿದ. 1481ರಲ್ಲಿ ಆ ಮುದುಕನನ್ನು ಕೊಲ್ಲಿಸಿದರು. ಔರಂಗಜೇಬನ ಕಾಲದಲ್ಲಿ ಇಲ್ಲಿ ಕೂಡಿಟ್ಟ ಮದ್ದು ಸಿಡಿದು ಕಟ್ಟಡದ ಒಂದು ಪಾಲು ಹೋಯಿತು. ಉಳಿದ ಮಿನಾರಿನ ಮೇಲೆ ಅಂಕುಡೊಂಕು ಸಾಲಿನ ನೀಲಿ, ಹಳದಿ, ಬಿಳಿ ಹೆಂಚುಗಳು ಅಲ್ಲಲ್ಲಿ ಹಾಗೇ ಇವೆ. ಬೆಳಗಿನ ಬಿಸಿಲು ಬಿದ್ದಾಗ ನೋಡಬೇಕು. ಇಡೀ ಮುಂಭಾಗ ಹೀಗೆ ಇದ್ದ ಕಾಲದಲ್ಲಿ ಅದು ಹೇಗೆ ಕಂಡಿರಬೇಕು ಅಂತ ಇಬ್ಬರೂ ಮಾತಾಡಿಕೊಂಡೆವು. ಮಾಸ್ತರಿಕೆ ಮಾಡುವ ನನಗೆ ಅಲ್ಲಿಂದ ಕಾಲು ಕೀಳೋಕೆ ಆಗಲಿಲ್ಲ.

ಮಧ್ಯಾಹ್ನದ ಊಟ ಗುರುದ್ವಾರ ನಾನಕ್ ಝೀರಾದ ಲಂಗರಿನಲ್ಲಿ, ಅಂದರೆ ಅಲ್ಲಿನ ದಾಸೋಹದಲ್ಲಿ. ಚಪ್ಪಲಿ ಬಿಟ್ಟು, ತಲೆಗೆ ಬಟ್ಟೆ ಕಟ್ಟಿ, ಎಲ್ಲರ ಜೊತೆ ಸಾಲಿನಲ್ಲಿ ನೆಲಕ್ಕೆ ಕೂತೆವು. ರೋಟಿಯನ್ನ ಎರಡೂ ಕೈ ಚಾಚಿ ತಗೋಬೇಕು. ದಾಲ್ ಗಟ್ಟಿಯಾಗಿ, ಘಮ್ಮಂತ ಇತ್ತು. ಗುರು ನಾನಕರು ಇಲ್ಲಿಗೆ ಬಂದಾಗ ಸಿಹಿನೀರಿನ ಝರಿ ಹುಟ್ಟಿತು ಅನ್ನೋದು ನಂಬಿಕೆ. ಗುರು ಗೋವಿಂದ ಸಿಂಗರಿಂದ ಮೊದಲು ಖಾಲ್ಸಾ ದೀಕ್ಷೆ ಪಡೆದ ಐವರು, ಪಂಚ ಪ್ಯಾರೆಗಳು, ಅವರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಇದೇ ಬೀದರಿನವರು. ಝರಣಿ ನರಸಿಂಹನ ಗುಹೆಯಲ್ಲೂ ಎದೆಮಟ್ಟ ನೀರಲ್ಲೇ ನಡೆದು ದೇವರ ಹತ್ತಿರ ಹೋಗಬೇಕು. ಇಷ್ಟು ನೀರು ಗುಡ್ಡದ ಮೇಲಿನ ಊರಿಗೆ ಎಲ್ಲಿಂದ ಬರುತ್ತದೆ ಅಂತ ತಂಗಿ ಕೇಳಿದಳು. ಮೇಲಿನ ಜಂಬಿಟ್ಟಿಗೆ ತೂತು ತೂತು, ಮಳೆ ನೀರನ್ನು ಒಳಗೆ ಬಿಡುತ್ತದೆ. ಕೆಳಗಿನ ಕರಿಕಲ್ಲು ಬಿಡೋದಿಲ್ಲ. ಎರಡೂ ಕೂಡುವ ಕಡೆ ನೀರು ಪಕ್ಕಕ್ಕೆ ಹರಿದು ಝರಿಯಾಗಿ ಹೊರಬರುತ್ತದೆ. ಬಹಮನಿ ಕಾಲದವರು ಇದನ್ನ ಅರಿತಿದ್ದರು. ಇರಾನಿನ ಪದ್ಧತಿಯಲ್ಲಿ ನೆಲದೊಳಗೆ ಕಾಲುವೆ ಕೊರೆದು, ಮೇಲಿಂದ ಅಲ್ಲಲ್ಲಿ ಬಾವಿ ಇಳಿಸಿ ನೀರು ತಂದರು. ನೌಬಾದಿನ ಹತ್ತಿರ ಅಂಥ ಸುರಂಗ ಬಾವಿ ಈಗಲೂ ಇದೆ.

ಕೊನೆಗೆ ಬಿದ್ರಿ. ಅಂಗಡಿಯ ಗಾಜಿನ ಬೀರು ನೋಡಿ ಬರಬೇಡಿ. ಕೆಲಸ ಮಾಡುವವರ ಹತ್ತಿರ ಕೂತು ನೋಡಿ. ನಾವು ಹೋದ ಕಡೆ ಒಬ್ಬ ಹಿರಿಯರು "ಬರ್ರಿ ಮೇಡಂ, ಕೂಡ್ರಿ" ಅಂತ ಚಾಪೆ ತೋರಿಸಿದರು. ಸತು ಹೆಚ್ಚು, ತಾಮ್ರ ಸ್ವಲ್ಪ, ಎರಡನ್ನೂ ಕರಗಿಸಿ ಮಣ್ಣಿನ ಅಚ್ಚಿಗೆ ಹೊಯ್ತಾರೆ. ಅರದಿಂದ ಉಜ್ಜಿ ನುಣುಪು ಮಾಡಿ, ಮೈಲುತುತ್ತ (ತಾಮ್ರದ ಸಲ್ಫೇಟ್) ಸವರಿದರೆ ಮೈ ತಾತ್ಕಾಲಿಕವಾಗಿ ಕಪ್ಪಾಗುತ್ತದೆ. ಆ ಕಪ್ಪಿನ ಮೇಲೆ ಗೀರಿದ್ದು ಕಾಣುತ್ತದಲ್ಲ, ಅದಕ್ಕೆ. ಹಿರಿಯರು ಉಳಿಯಿಂದ ಬಳ್ಳಿ ಕೊರೆದರು, ಅಳತೆ ಇಲ್ಲ, ಕಾಗದ ಇಲ್ಲ, ಬರೀ ಕೈ ಅಂದಾಜು. ಕೊರೆದ ಗೀರಿನಲ್ಲಿ ಬೆಳ್ಳಿ ತಂತಿ ಇಟ್ಟು ಸಣ್ಣ ಸುತ್ತಿಗೆಯಿಂದ ಟಕ್ ಟಕ್ ಅಂತ ಬಡಿದು ಕೂರಿಸಿದರು. ಉಗುರು ಹಾಯಿಸಿದೆ, ಎಲ್ಲಿಯೂ ತಡೆಯಲಿಲ್ಲ. ಆಮೇಲೆ ಮತ್ತೆ ಉಜ್ಜಿದರೆ ಎಲ್ಲ ಒಂದೇ ಬೂದುಬಣ್ಣ, ಹೂವು ಮಾಯ!

ಇಲ್ಲಿಂದ ಮುಂದಿನದು ಕೋಟೆಯ ಮಣ್ಣಿನ ಕೆಲಸ. ನೂರಾರು ವರ್ಷ ಬಿಸಿಲು ಮಳೆ ತಾಗದ ಹಳೆ ಕಟ್ಟಡದ ಒಳಗಿನ ಮಣ್ಣು ಬೇಕು. ಒಳ್ಳೇದೋ ಅಲ್ಲವೋ ಅಂತ ನಾಲಿಗೆಗೆ ಇಟ್ಟು ನೋಡ್ತಾರೆ. ಆ ಮಣ್ಣಿಗೆ ನವಸಾಗರ (ಅಮೋನಿಯಂ ಕ್ಲೋರೈಡ್), ನೀರು ಸೇರಿಸಿ, ಬೆಚ್ಚಗಿನ ಪಾತ್ರೆಗೆ ತಿಕ್ಕಿದರೆ ಸತು ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ನನ್ನ ಕಣ್ಣೆದುರಿಗೇ ಆ ಬೂದುಬಣ್ಣದೊಳಗಿಂದ ಹೂವು ಮೇಲೆದ್ದು ಬಂತು. ಮೇಲೆ ಎಣ್ಣೆ ಸವರಿದರೆ ಮುಗೀತು. ಈ ಕೆಲಸಕ್ಕೆ 2006ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ. ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಆದರೂ ಹೊಸ ಹುಡುಗರು ಈ ಕಸುಬಿಗೆ ಬರೋದು ಕಷ್ಟ ಅಂತ ಹಿರಿಯರು ಹೇಳಿದರು. ಬೆಳ್ಳಿ ದುಬಾರಿ, ಕಣ್ಣು ಬೇಗ ಸೋಲುತ್ತದೆ, ಒಂದು ಹೂದಾನಿಗೆ ದಿನಗಟ್ಟಲೆ ಬೇಕು. ಹಾಗಾಗಿ ದರ ಕೇಳಿ ಅರ್ಧಕ್ಕೆ ಇಳಿಸಬೇಡಿ. ದೊಡ್ಡದು ಆಗದಿದ್ದರೆ ಕಿವಿಯೋಲೆ, ಕೀಚೈನ್ ತಗೊಳ್ಳಿ. ತಂಗಿ ಕಿವಿಯೋಲೆ ತಗೊಂಡಳು. ನಾನು ಶಾಲೆಯ ಲ್ಯಾಬಿಗೆ ಅಂತ ಇನ್ನೂ ಕಪ್ಪು ಮಾಡದ ಒಂದು ಚಿಕ್ಕ ಬಿಲ್ಲೆ ಮತ್ತು ಕಪ್ಪು ಮಾಡಿದ ಒಂದು ಬಿಲ್ಲೆ ಕೇಳಿ ತಂದೆ. ಪಕ್ಕ ಪಕ್ಕ ಇಟ್ಟು ತೋರಿಸಿದರೆ ಮಕ್ಕಳಿಗೆ ರಾಸಾಯನಿಕ ಕ್ರಿಯೆ ಅಂದರೇನು ಅಂತ ಬೇರೆ ಹೇಳಬೇಕಾಗಿಲ್ಲ.

ನಮ್ಮ ಶಾಲೆಯ ಪ್ರವಾಸದಲ್ಲೂ ಬೀದರ್‌ಗೆ ಅರ್ಧ ದಿನವೇ ಇರೋದು. ಈ ಸಲ ಹೆಡ್ ಮಾಸ್ತರ ಹತ್ತಿರ ಹೋಗಿ, ಎರಡು ದಿನ ಮಾಡ್ರಿ ಸರ್, ಅಷ್ಟೂರು ಮತ್ತು ನೌಬಾದಿನ ಸುರಂಗ ಬಾವಿ ಸೇರಿಸ್ರಿ ಅಂತ ಕೇಳಿದ್ದೀನಿ. ಮಕ್ಕಳ ಉಳಿಯುವ ವ್ಯವಸ್ಥೆ ಆದರೆ ನೋಡೋಣ ಅಂದಿದ್ದಾರೆ. ಬೀದರಿನಲ್ಲಿ ನಲವತ್ತು ಮಕ್ಕಳಿಗೆ ಒಂದು ರಾತ್ರಿ ತಂಗೋಕೆ ಒಳ್ಳೆ ಜಾಗ ಯಾರಿಗಾದರೂ ಗೊತ್ತಿದ್ದರೆ ತಿಳಿಸಿ.